ಬಾಲಿಯಿಂದ ಲೊಂಬೊಕ್‌ಗೆ: ವಿಮಾನ, ಫೆರಿ, ವೇಗದ ದೋಣಿ

ಇಂಡೊನೇಷ್ಯಾದ ಬಾಲಿಯಲ್ಲಿರುವ ನ್ಗುರಾ ರಾಯ್ ವಿಮಾನ ನಿಲ್ದಾಣದಿಂದ ಪಕ್ಕದ ಲೊಂಬೊಕ್ ದ್ವೀಪದ ವಿಮಾನ ನಿಲ್ದಾಣಕ್ಕೆ ನೇರ ಅಂತರ ಸುಮಾರು 120 ಕಿಲೋಮೀಟರ್. ವೇಳಾಪಟ್ಟಿಯಲ್ಲಿ ಮುಕ್ಕಾಲು ಗಂಟೆಯ ಆಸುಪಾಸು ಎಂದು ತೋರಿಸಿದರೂ ಎಟಿಆರ್ 72 ವಿಮಾನ ಆಕಾಶದಲ್ಲಿರುವುದು ಅರ್ಧ ಗಂಟೆಯಷ್ಟೇ. ಆದರೂ ವಿಮಾನ, ಫೆರಿ, ವೇಗದ ದೋಣಿ ಮೂರರಲ್ಲೂ ಪ್ರಯಾಣಿಸಿ ನೋಡಿದ ನನಗೆ, ಲೊಂಬೊಕ್‌ನಲ್ಲಿ ನಾವು ತಂಗುವ ಊರು ಯಾವುದೆಂದು ತಿಳಿಯದೆ ಇವುಗಳಲ್ಲಿ ಯಾವುದು ಬೇಗ ತಲುಪಿಸುತ್ತದೆಂದು ಹೇಳಲು ಸಾಧ್ಯವಿಲ್ಲ ಎಂಬುದು ಖಚಿತವಾಗಿದೆ.

ಹಿಂದೆ ಲೊಂಬೊಕ್‌ನ ವಿಮಾನ ನಿಲ್ದಾಣ ಮುಖ್ಯ ನಗರವಾದ ಮತರಮ್‌ಗೆ ಅಂಟಿಕೊಂಡೇ ಇತ್ತು. 2011ರಲ್ಲಿ ಅದು ದಕ್ಷಿಣದ ಪ್ರಾಯಾ ಪಟ್ಟಣದ ಬಳಿಗೆ ಸ್ಥಳಾಂತರವಾಯಿತು. ಹಾಗಾಗಿ ಮತರಮ್‌ಗಾಗಲಿ ಸೆಂಗಿಗಿ ಕಡಲತೀರಕ್ಕಾಗಲಿ ಹೋಗುವವರು ವಿಮಾನದಿಂದ ಇಳಿದ ಮೇಲೆ ಸರ್ಕಾರಿ ಡಾಮ್ರಿ ಬಸ್ಸಿನಲ್ಲೋ ಟ್ಯಾಕ್ಸಿಯಲ್ಲೋ ಒಂದು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಕಳೆಯಬೇಕು. ನಿಲ್ದಾಣಕ್ಕೆ ಮೊದಲೇ ಹೋಗಿ ಕಾಯುವುದನ್ನೂ ಸೇರಿಸಿದರೆ, ಬಾಲಿಯಲ್ಲಿ ತಂಗಿದ್ದ ಜಾಗ ಬಿಟ್ಟಲ್ಲಿಂದ ಮತರಮ್ ಮುಟ್ಟುವವರೆಗೆ ನಾಲ್ಕು ಗಂಟೆ ಹಿಡಿಯುತ್ತದೆ. ಮೋಟೊಜಿಪಿ ಬೈಕ್ ರೇಸ್ ನಡೆಯುವ ಮಂಡಲಿಕಾ, ಅದರ ಪಕ್ಕದ ಕುಟಾ ಕಡೆಗೆ ಹೋಗುವವರಿಗಾದರೋ ನಿಲ್ದಾಣದಿಂದ ಅರ್ಧ ಗಂಟೆಯ ದಾರಿ. ಅವರು ಬೇರೆ ಯೋಚನೆ ಮಾಡಬೇಕಾಗಿಯೇ ಇಲ್ಲ.

ಫೆರಿ ಹೊರಡುವುದು ಬಾಲಿಯ ಪೂರ್ವ ತೀರದ ಪಡಂಗ್‌ಬಾಯ್ ಬಂದರಿನಿಂದ. ಸೇರುವುದು ಮತರಮ್‌ನ ದಕ್ಷಿಣಕ್ಕಿರುವ ಲೆಂಬಾರ್‌ಗೆ. 2025ರವರೆಗೆ ಸಿಗಂದೂರಿಗೆ ಹೋಗುತ್ತಿದ್ದ ಲಾಂಚಿನಂತೆ ಇದೂ ವಾಹನಗಳನ್ನು ಹೊತ್ತೇ ದಾಟುತ್ತದೆ, ಆದರೆ ಇಲ್ಲಿ ಕೆಳಗಿನ ಅಂತಸ್ತಿನ ತುಂಬ ಸರಕಿನ ಲಾರಿಗಳು ಒಂದಕ್ಕೊಂದು ತಾಗುವಂತೆ ನಿಂತಿರುತ್ತವೆ, ಜನ ಮೇಲೆ ಕೂರುತ್ತಾರೆ, ಕಾಗದದಲ್ಲಿ ಕಟ್ಟಿದ ಅನ್ನ ಮತ್ತು ಖಾರದ ಪಲ್ಯದ ಪೊಟ್ಟಣಗಳು ಮಾರಾಟಕ್ಕೆ ಬರುತ್ತವೆ. ನಾಲ್ಕರಿಂದ ಐದು ಗಂಟೆಯ ಪ್ರಯಾಣ. ಪೆಸಿಫಿಕ್‌ನಿಂದ ಹಿಂದೂ ಮಹಾಸಾಗರಕ್ಕೆ ನೀರು ಹರಿಯುವ ಮುಖ್ಯ ಹಾದಿಗಳಲ್ಲಿ ಲೊಂಬೊಕ್ ಜಲಸಂಧಿಯೂ ಒಂದಾದ್ದರಿಂದ ನಡುಗಡಲಿನಲ್ಲಿ ಸೆಳೆತ ಜೋರು, ಹಡಗು ಹೊಯ್ದಾಡುತ್ತದೆ. ಲೆಂಬಾರ್ ಎದುರಿಗೇ ಕಾಣುತ್ತಿದ್ದರೂ ಕಟ್ಟೆಗೆ ತಾಗಲು ಸರದಿ ಬರುವವರೆಗೆ ಕೊಲ್ಲಿಯಲ್ಲೇ ನಿಲ್ಲಬೇಕಾಗುವುದುಂಟು. ಸಮಯದ ಲೆಕ್ಕವನ್ನೆಲ್ಲ ಕೆಡಿಸುವುದು ಈ ಕಾಯುವಿಕೆಯೇ. ಇಷ್ಟಾದರೂ ಬೈಕಿನೊಂದಿಗೆ ಹೋಗುವವರಿಗೆ ನಾನು ಇದನ್ನೇ ಹೇಳುತ್ತೇನೆ. ಟಿಕೆಟ್ ದರ ಮೂರರಲ್ಲಿ ಇದಕ್ಕೇ ಕಡಿಮೆ, ಮತ್ತು ಹಗಲಿನ ಹಡಗಾದರೆ ಹಿಂದೆ ಅಗುಂಗ್ ಪರ್ವತವನ್ನೂ ಮುಂದೆ ಮೋಡ ಸರಿದಾಗ 3,726 ಮೀಟರ್ ಎತ್ತರದ ರಿಂಜಾನಿಯನ್ನೂ ಕಣ್ತುಂಬ ನೋಡಬಹುದು.

ವೇಗದ ದೋಣಿಗಳು ಪಡಂಗ್‌ಬಾಯ್‌ನಿಂದ ಒಂದೂವರೆ ಎರಡು ಗಂಟೆಯಲ್ಲಿ ಲೊಂಬೊಕ್‌ನ ವಾಯವ್ಯ ತೀರದಾಚೆಯ ಪುಟ್ಟ ಗಿಲಿ ದ್ವೀಪಗಳನ್ನು ಮುಟ್ಟುತ್ತವೆ. ಗಿಲಿಗೆ ಹೋಗುವವರು ವಿಮಾನ ಹತ್ತಿದರೆ ದಕ್ಷಿಣದಲ್ಲಿ ಇಳಿದು, ರಸ್ತೆಯಲ್ಲಿ ವಾಯವ್ಯದ ಬಂಗ್ಸಾಲ್‌ವರೆಗೆ ಬಂದು, ಅಲ್ಲಿ ಮತ್ತೆ ದೋಣಿ ಹಿಡಿಯಬೇಕಾಗುತ್ತದೆ, ಅದರಲ್ಲಿ ಅರ್ಥವಿಲ್ಲ. ಸಮುದ್ರ ಕೆರಳಿದಾಗ ಮಾತ್ರ ಈ ದೋಣಿಗಳು ಮೈಮೂಳೆ ಕುಲುಕುವಂತೆ ಅಲೆಗಳ ಮೇಲೆ ಬಡಿಯುತ್ತವೆ, ಕೆಲವು ದಿನ ಹೊರಡುವುದೇ ಇಲ್ಲ.

ಆದ್ದರಿಂದ ಬಾಲಿಯಿಂದ ಬೆಂಗಳೂರಿಗೆ ವಿಮಾನ ಹಿಡಿಯಬೇಕಾದವರು ಅದೇ ದಿನ ದೋಣಿಯಲ್ಲಿ ವಾಪಸಾಗುವ ಲೆಕ್ಕ ಹಾಕಬಾರದು. ಲೊಂಬೊಕ್‌ನಿಂದ ಬೆಳಗಿನ ವಿಮಾನದಲ್ಲಿ ಬರಬೇಕು, ಇಲ್ಲವೇ ಹಿಂದಿನ ದಿನವೇ ಬಾಲಿಗೆ ಬಂದು ತಂಗಬೇಕು.