ಪ್ಲೇಸ್‌ಮೆಂಟ್ ಗ್ಯಾರಂಟಿ ಅಂತ ಅಪ್ಪನ ಹೆಸರಲ್ಲಿ ಸಾಲ ಮಾಡಿಸುತ್ತಾರೆ, ಹುಷಾರು

ಕೊಡಗಿನ ಸೋಮವಾರಪೇಟೆ ಕಡೆಯ ಮೈಕ್ರೋಬಯಾಲಜಿ ಎಂಎಸ್ಸಿ ಹುಡುಗಿಯೊಬ್ಬಳಿಗೆ ಆದದ್ದು ಇದು. ಅವಳ ಹೆಸರು ಬೇಡ, ಸಂಸ್ಥೆಯ ಹೆಸರೂ ಬೇಡ. ಬೋರ್ಡು ಬದಲಾಗುತ್ತಿರುತ್ತದೆ, ಪಟ್ಟು ಮಾತ್ರ ಅದೇ.

ಫೋನ್ ಬಂದದ್ದು ಜಡಿಮಳೆಯ ದಿನಗಳಲ್ಲಿ. ಜಾಬ್ ಪೋರ್ಟಲ್‌ನಲ್ಲಿ ರೆಸ್ಯೂಮೆ ನೋಡಿದೆವು, ಔಷಧಗಳನ್ನು ಜನರ ಮೇಲೆ ಪರೀಕ್ಷಿಸಿ ನೋಡುವ ಬೆಂಗಳೂರಿನ ಕ್ಲಿನಿಕಲ್ ರಿಸರ್ಚ್ ಕಂಪನಿಗೆ ಶಾರ್ಟ್‌ಲಿಸ್ಟ್ ಆಗಿದ್ದೀರಿ ಎಂದರು. ಕರೆಂಟಿಲ್ಲ, ನೆಟ್‌ವರ್ಕಿಲ್ಲ ಎಂದಿದ್ದಕ್ಕೆ ‘ಪರವಾಗಿಲ್ಲ ಮೇಡಂ, ಫೋನಲ್ಲೇ ಇಂಟರ್‌ವ್ಯೂ ಮುಗಿಸೋಣ’ ಎಂಬ ಉದಾರತೆ. ಹತ್ತು ನಿಮಿಷದಲ್ಲಿ ವಿಷಯದ ಬಗ್ಗೆ ಒಂದೇ ಒಂದು ಪ್ರಶ್ನೆ ಇರಲಿಲ್ಲ. ಮೊದಲು ಗಮನಿಸಬೇಕಿದ್ದದ್ದು ಇದನ್ನೇ. ನಿಜವಾದ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಮೈಕ್ರೋಬಯಾಲಜಿ ಸಂದರ್ಶನದಲ್ಲಿ, ಔಷಧದಲ್ಲಿ ಸೂಕ್ಷ್ಮಾಣು ಇಲ್ಲವೆಂದು ಖಚಿತಪಡಿಸುವ ಸ್ಟೆರಿಲಿಟಿ ಟೆಸ್ಟ್ ಎಷ್ಟು ದಿನ (14), ಅದರಲ್ಲಿ ಸೂಕ್ಷ್ಮಾಣು ಬೆಳೆಸಲು ಬಳಸುವ ಥಯೋಗ್ಲೈಕೋಲೇಟ್ ಮೀಡಿಯಂ ಯಾವ ಉಷ್ಣಾಂಶದಲ್ಲಿ (30–35 ಡಿಗ್ರಿ), ಸೋಯಾಬೀನ್ ಕೇಸಿನ್ ಯಾವುದರಲ್ಲಿ (20–25), ಏಕೆ ಬೇರೆಬೇರೆ ಎಂದು ಕೇಳಿಯೇ ಕೇಳುತ್ತಾರೆ. ಏನೂ ಕೇಳದೆ ಕೆಲಸ ಕೊಡುವವರಿಗೆ ಬೇಕಾಗಿರುವುದು ನಿಮ್ಮ ಓದಲ್ಲ.

ಮರುದಿನ ಬಂದ ಆಫರ್ ಲೆಟರ್‌ನಲ್ಲಿ ಸಣ್ಣ ಅಕ್ಷರದ ಸಾಲೊಂದಿತ್ತು: ‘ತರಬೇತಿ ಯಶಸ್ವಿಯಾಗಿ ಮುಗಿಸಿದಲ್ಲಿ’. ತರಬೇತಿ ಆರು ತಿಂಗಳು, ಶುಲ್ಕ 85,000 ರೂಪಾಯಿ. ಸೀಟು ಹಿಡಿಯಲು 10,000 ಯುಪಿಐನಲ್ಲಿ ಹೋಯಿತು. ಉಳಿದ 75,000ಕ್ಕೆ ‘ಬಡ್ಡಿಯಿಲ್ಲದ ಇಎಂಐ’, ತಿಂಗಳಿಗೆ 6,250ರಂತೆ ಹನ್ನೆರಡು ಕಂತು. ಅವಳಿಗೆ ಆದಾಯ ಇಲ್ಲದ್ದರಿಂದ ಅಪ್ಪನ ಪ್ಯಾನ್, ಆಧಾರ್ ಕೇಳಿದರು. ಅಪ್ಪ ತೋಟದಲ್ಲಿ ನಿಂತೇ ಎರಡು ಓಟಿಪಿ ಹೇಳಿದರು. ಅಲ್ಲಿಗೆ ಫೈನಾನ್ಸ್ ಕಂಪನಿಯೊಂದರಲ್ಲಿ ಅವರ ಹೆಸರಿಗೆ ಸಾಲ ಬಿತ್ತು, ಖಾತೆಯಿಂದ ತಾನಾಗಿ ಹಣ ಎಳೆಯುವ ಇ-ನ್ಯಾಚ್ ಒಪ್ಪಿಗೆಯೂ ಆಯಿತು.

ಮೋಸದ ಮರ್ಮ ಇರುವುದು ಇಲ್ಲಿ. ಫೈನಾನ್ಸ್ ಕಂಪನಿ ಶುಲ್ಕವನ್ನು ಒಂದೇ ಸಲ ಸಂಸ್ಥೆಗೆ ಕೊಟ್ಟುಬಿಡುತ್ತದೆ. ಆಮೇಲೆ ನೀವು ತರಗತಿಗೆ ಬಂದರೂ ಬಿಟ್ಟರೂ ಸಂಸ್ಥೆಗೆ ನಷ್ಟವಿಲ್ಲ, ಸಾಲ ಮಾತ್ರ ನಿಮ್ಮದು. ಕಾಫಿ, ಮೆಣಸಿನ ದುಡ್ಡು ನಮ್ಮಲ್ಲಿ ಕೈಗೆ ಬರುವುದು ವರ್ಷಕ್ಕೊಂದು ಸಲ, ಕಂತು ಬರುವುದು ತಿಂಗಳಿಗೊಂದು. ಮೂರನೇ ತಿಂಗಳಲ್ಲೇ ಖಾತೆ ಬರಿದಾಗಿ ಕಂತು ಬೌನ್ಸ್ ಆಯಿತು. ಬ್ಯಾಂಕಿನ ದಂಡ ಬೇರೆ, ಫೈನಾನ್ಸಿನ ದಂಡ ಬೇರೆ. ಸಿಬಿಲ್ ಕೆಟ್ಟದ್ದು ಗೊತ್ತಾದದ್ದು ಬೆಳೆ ಸಾಲ ನವೀಕರಿಸಲು ಹೋದಾಗ.

ತರಗತಿಯಲ್ಲಿ ಕಲಿಸಿದ್ದೇನು? ಫಾರ್ಮಾಕೋವಿಜಿಲೆನ್ಸ್‌ಗೆ, ಅಂದರೆ ಔಷಧಗಳ ಅಡ್ಡಪರಿಣಾಮ ಗಮನಿಸುವ ಕೆಲಸಕ್ಕೆ ಬಳಸುವ ಆರ್ಗಸ್ ಸಾಫ್ಟ್‌ವೇರಿನ ಸ್ಕ್ರೀನ್‌ಶಾಟ್‌ಗಳನ್ನು ಪ್ರೊಜೆಕ್ಟರಿನಲ್ಲಿ ತೋರಿಸಿದರು. ಲೈಸೆನ್ಸ್ ಇರುವುದು ದೊಡ್ಡ ಕಂಪನಿಗಳ ಬಳಿ, ಅವರು ಕೆಲಸಕ್ಕೆ ಸೇರಿದವರಿಗೆ ತಾವೇ ಕಲಿಸುತ್ತಾರೆ. ಉಳಿದದ್ದು ವಾರದಲ್ಲಿ ಓದಿ ಮುಗಿಸುವಂಥದ್ದು. ಅಡ್ಡಪರಿಣಾಮದ ವರದಿ ಸಿಂಧುವಾಗಲು ಗುರುತಿಸಬಹುದಾದ ರೋಗಿ, ವರದಿಗಾರ, ಶಂಕಿತ ಔಷಧ, ಆದ ತೊಂದರೆ ಈ ನಾಲ್ಕು ಬೇಕು. ಟ್ರಯಲ್‌ನಲ್ಲಿ ಗಂಭೀರ ತೊಂದರೆಯಾದರೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಅದನ್ನು ನಡೆಸುವ ವೈದ್ಯರು 24 ಗಂಟೆಯೊಳಗೆ ತಿಳಿಸಬೇಕು. ಟ್ರಯಲ್ ನಡೆಸುವ ಸರಿಯಾದ ಕ್ರಮ ಕಲಿತದ್ದಕ್ಕೆ ಕೊಡುವ ಜಿಸಿಪಿ ಪ್ರಮಾಣಪತ್ರವೂ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ; ಅಮೆರಿಕದ ಮಾದಕವ್ಯಸನ ಸಂಶೋಧನಾ ಸಂಸ್ಥೆ ನೈಡಾದ ಕೋರ್ಸು ಅಂಥದ್ದೊಂದು. ಇನ್ನೊಂದು ಮಾತು, ಡ್ರಗ್ ಸೇಫ್ಟಿ ಹುದ್ದೆಗಳಿಗೆ ಅನೇಕ ಕಂಪನಿಗಳು ಬಿ.ಫಾರ್ಮಾ, ಫಾರ್ಮ್-ಡಿ ಆದವರನ್ನೇ ಕೇಳುತ್ತವೆ. ಬರೀ ಬಿಎಸ್ಸಿಯವರಿಗೂ ಅದೇ ಕೋರ್ಸು ಮಾರುವವರು ಈ ಮಾತು ಎತ್ತುವುದೇ ಇಲ್ಲ.

ಆರು ತಿಂಗಳಾದರೂ ಕೆಲಸ ಇಲ್ಲ. ಆಗ ಅದೇ ಸಂಸ್ಥೆಯ ಕನ್ಸಲ್ಟೆಂಟ್, ‘ಫ್ರೆಶರ್‌ಗಳನ್ನು ಯಾರೂ ತಗೊಳ್ಳಲ್ಲಮ್ಮ, 30,000 ಕೊಡು, ಎರಡು ವರ್ಷದ ಅನುಭವ ಪತ್ರ, ಸಂಬಳದ ಚೀಟಿ ಮಾಡಿಸಿಕೊಡ್ತೀನಿ’ ಎಂದ. ಕೊಟ್ಟಳು. ಬೇರೆಡೆ ಆಯ್ಕೆಯೂ ಆದಳು. ಹಿನ್ನೆಲೆ ಪರಿಶೀಲನೆಯಲ್ಲಿ ಎಲ್ಲ ಕುಸಿಯಿತು. ಪಿಎಫ್‌ನ ಯುಎಎನ್ ಸೇವಾ ಇತಿಹಾಸದಲ್ಲಿ ಆ ಕಂಪನಿ ಇರಲಿಲ್ಲ, ಸಂಬಳದಿಂದ ಕಡಿತವಾದ ತೆರಿಗೆ ತೋರಿಸುವ 26ಎಎಸ್ ಖಾಲಿ. ಆಫರ್ ರದ್ದಾಯಿತು. ಸಿಕ್ಕಿಬೀಳದೆ ಒಳಗೆ ಹೋಗಿದ್ದರೆ ಇನ್ನೂ ಕಷ್ಟವಿತ್ತು. ಈ ಉದ್ಯಮದಲ್ಲಿ ನೀವು ಸಹಿ ಹಾಕಿದ ಸಿವಿ, ತರಬೇತಿ ದಾಖಲೆ ಕಡತದಲ್ಲಿ ಉಳಿಯುತ್ತವೆ, ಆಡಿಟ್‌ಗೆ ಬಂದವರು ಅವನ್ನೇ ತೆಗೆದು ನೋಡುತ್ತಾರೆ. ಮೊದಲ ತಪ್ಪಿನಲ್ಲಿ ಅವಳು ಮೋಸಹೋದವಳು, ಎರಡನೆಯದರಲ್ಲಿ ಸುಳ್ಳು ದಾಖಲೆ ಕೊಟ್ಟವಳು. ಈ ವ್ಯತ್ಯಾಸ ಮನೆಯವರೂ ತಿಳಿದಿರಬೇಕು.

ಇಂಥ ಫೋನ್ ಬಂದರೆ ಕಂಪನಿಯ ನೋಂದಣಿ ಸಂಖ್ಯೆ (ಸಿಐಎನ್) ಕೇಳಿ, ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ (ಎಂಸಿಎ) ಜಾಲತಾಣದಲ್ಲಿ ನೋಂದಣಿ ವರ್ಷ, ವಿಳಾಸ ನೋಡಿ. ಇಮೇಲ್ ಜಿಮೇಲ್‌ನಿಂದ ಬಂದಿದ್ದರೆ, ಅಥವಾ ಕಂಪನಿಯ ಹೆಸರಲ್ಲಿ ಒಂದಕ್ಷರ ಹೆಚ್ಚು ಕಡಿಮೆ ಇದ್ದರೆ ಅಲ್ಲೇ ಬಿಡಿ. ಇಎಂಐ ಎಂದೊಡನೆ ‘ಕೆಎಫ್‌ಎಸ್’ ಎಂಬ ಹಾಳೆ ಕೇಳಿ. ಡಿಜಿಟಲ್ ಸಾಲಕ್ಕೆ ಆರ್‌ಬಿಐ ಕಡ್ಡಾಯ ಮಾಡಿರುವ ಈ ಹಾಳೆಯಲ್ಲಿ ಸಾಲ ಕೊಡುವವರ ಹೆಸರು, ನಿಜವಾದ ಬಡ್ಡಿ, ದಂಡವಿಲ್ಲದೆ ಹಿಂದೆ ಸರಿಯಲು ಎಷ್ಟು ದಿನ ಎಂಬುದೆಲ್ಲ ಇರುತ್ತದೆ. ಆ ದಿನಗಳೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿ ಹೊರಬರಬಹುದು.

ಕೆಲಸ ಹುಡುಕಲು ಬೇರೆ ದಾರಿಯೇ ಇಲ್ಲ ಎಂದಲ್ಲ. ಕ್ಲಿನಿಕಲ್ ಟ್ರಯಲ್‌ಗಳ ಸರ್ಕಾರಿ ನೋಂದಣಿ ಸಿಟಿಆರ್‌ಐ ಯಾರು ಬೇಕಾದರೂ ನೋಡಬಹುದಾದದ್ದು. ಅಲ್ಲಿ ಮೈಸೂರು, ಬೆಂಗಳೂರಿನ ಆಸ್ಪತ್ರೆಗಳನ್ನು ಹುಡುಕಿದರೆ ಯಾವ ವೈದ್ಯರು ಯಾವ ಟ್ರಯಲ್ ನಡೆಸುತ್ತಿದ್ದಾರೆ ಎಂಬುದು ಸಿಗುತ್ತದೆ. ಕೋಆರ್ಡಿನೇಟರ್ ಕೆಲಸಕ್ಕೆ ಅವರಿಗೇ ನೇರವಾಗಿ ಬರೆಯಿರಿ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಅಲ್ಲಿಯದೇ ತೋಟಗಾರಿಕೆ ಪ್ರಯೋಗ ಕೇಂದ್ರ, ಅಪ್ಪಂಗಳದ ಸಾಂಬಾರ ಬೆಳೆ ಕೇಂದ್ರ ಮನೆಬಾಗಿಲಲ್ಲೇ ಇವೆ. ಇಂಥ ಸಂಸ್ಥೆಗಳ ತಾತ್ಕಾಲಿಕ ಪ್ರಾಜೆಕ್ಟ್ ಹುದ್ದೆಗಳ ಪ್ರಕಟಣೆ ಅವುಗಳ ಮೂಲ ಸಂಸ್ಥೆಯ ಜಾಲತಾಣದಲ್ಲಿ ಬರುತ್ತದೆ. ಸಂಬಳ ದೊಡ್ಡದಲ್ಲ, ಆದರೆ ಅಲ್ಲಿ ಸಿಗುವ ಅನುಭವ ಪತ್ರವನ್ನು ಯಾರು ಪರಿಶೀಲಿಸಿದರೂ ಹೆದರಬೇಕಿಲ್ಲ.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಮೊದಲು ಪ್ರಕರಣ ಯಾವ ಬಗೆಯದು ನೋಡಿ. ಕಂಪನಿಯೇ ಇಲ್ಲದೆ ಹಣ ಕಿತ್ತಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಿ. ಹಣ ಖಾತೆಯಿಂದ ಖಾತೆಗೆ ಹಾರುವ ಮುನ್ನ ತಡೆಯಬೇಕೆಂದರೆ ಮೊದಲ ಕೆಲವು ಗಂಟೆಗಳೇ ಮುಖ್ಯ. ಸಂಸ್ಥೆ ಇದ್ದು ಮಾತು ತಪ್ಪಿದ್ದರೆ ಅದು ಗ್ರಾಹಕ ವ್ಯಾಜ್ಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ, ಗಡುವು ಎರಡು ವರ್ಷ. ‘ನೂರಕ್ಕೆ ನೂರು ಕೆಲಸ’ ಎಂದ ಜಾಹೀರಾತು, ವಾಟ್ಸಾಪ್ ಮಾತುಕತೆ, ರಸೀದಿ ಉಳಿಸಿಕೊಳ್ಳಿ. ಕಂತು ನಿಲ್ಲಿಸಲು ಬ್ಯಾಂಕ್ ಖಾತೆ ಮುಚ್ಚಬೇಡಿ, ಸಿಬಿಲ್ ಇನ್ನಷ್ಟು ಹಾಳಾಗುತ್ತದೆ. ಫೈನಾನ್ಸ್ ಕಂಪನಿಗೆ ಲಿಖಿತ ದೂರು ಕೊಟ್ಟು, 30 ದಿನದಲ್ಲಿ ಉತ್ತರ ಬಾರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಿ.

ಆ ಹುಡುಗಿಯ ಮೂಲ ಅಂಕಪಟ್ಟಿಗಳನ್ನೂ ‘ವೆರಿಫಿಕೇಶನ್’ಗೆಂದು ಇಟ್ಟುಕೊಂಡಿದ್ದರು. ಪರಿಶೀಲನೆಗೆ ಮೂಲಪ್ರತಿ ತೋರಿಸಿದರೆ ಸಾಕು, ಇಟ್ಟುಕೊಳ್ಳುವ ಅಗತ್ಯ ಯಾರಿಗೂ ಇಲ್ಲ. ಕೊಟ್ಟುಬಿಟ್ಟಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಬರೆದು ವಾಪಸ್ ಕೇಳಿ, ಸ್ವೀಕೃತಿ ಚೀಟಿ ಜೋಪಾನ ಮಾಡಿ. ಅಷ್ಟರಲ್ಲಿ ಸಂದರ್ಶನ ಬಂದರೆ, ನಿಮ್ಮ ವಿಶ್ವವಿದ್ಯಾಲಯ ಹಾಕಿದ್ದಲ್ಲಿ, ಡಿಜಿಲಾಕರ್‌ನ ಅಂಕಪಟ್ಟಿ ತೋರಿಸಬಹುದು.