ಎಚ್‌ಡಿಎಲ್ ಏರಿಸಿಕೊಡ್ತೀವಿ ಅನ್ನುವವರ ಡಬ್ಬಿ ತೆರೆಯುವ ಮೊದಲು

ಮನೆಯಲ್ಲಿ ಯಾರಿಗಾದರೂ ಎಚ್‌ಡಿಎಲ್, ಅಂದರೆ ಒಳ್ಳೇ ಕೊಲೆಸ್ಟ್ರಾಲ್, ಕಡಿಮೆ ಇದೆ ಅಂತ ರಿಪೋರ್ಟ್ ಬಂದಿದೆಯಾ? ಅದನ್ನು ಏರಿಸಿಕೊಡ್ತೀನಿ ಅಂತ ಯಾರಾದರೂ ಸಪ್ಲಿಮೆಂಟ್ ಡಬ್ಬಿ ಕೈಗೆ ಕೊಟ್ಟಿದ್ದಾರಾ? ಹಾಗಿದ್ದರೆ ಇದನ್ನು ಪೂರ್ತಿ ಓದಿ. ಡಾಕ್ಟರು ಬರೆದುಕೊಟ್ಟ, ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ನಿಲ್ಲಿಸಿಬಿಡಿ ಅಂತಲೂ ಅವರು ಹೇಳಿದ್ದರೆ, ಓದುವುದು ಆಮೇಲೆ. ಮೊದಲು ಡಾಕ್ಟರಿಗೆ ಫೋನ್ ಮಾಡಿ.

ಇದು ನಮ್ಮ ಭಾವನಿಗೆ ಆದದ್ದು. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ನನ್ನ ಹೆಸರೊಂದು ಬೇಡ, ಉಳಿದದ್ದೆಲ್ಲ ಬರಿ" ಅಂದರು. ಮಾರಿದವರ ಹೆಸರನ್ನೂ ಹಾಕುತ್ತಿಲ್ಲ. ಅಂಥವರು ಎಲ್ಲ ಊರಲ್ಲೂ ಇದ್ದಾರೆ.

ಭಾವನದು ಹಾಸನದಲ್ಲಿ ಹಾರ್ಡ್‌ವೇರ್ ಅಂಗಡಿ. ವಯಸ್ಸು ಐವತ್ತೈದರ ಹತ್ತಿರ. ಎದೆನೋವು ಬಂದು ಮೈಸೂರಿನಲ್ಲಿ ಸ್ಟೆಂಟ್ ಹಾಕಿಸಿಕೊಂಡವರು. ಆವತ್ತಿನಿಂದ ರಾತ್ರಿ ಊಟ ಆದಮೇಲೆ ಅಟೋರ್ವಾಸ್ಟಾಟಿನ್ 40 ಅನ್ನುವ ಸ್ಟಾಟಿನ್ ತಪ್ಪದೆ ನುಂಗುತ್ತಿದ್ದರು. ಸಕ್ಕರೆ ಕಾಯಿಲೆ ಇನ್ನೂ ಬಂದಿರಲಿಲ್ಲ, ಬರುವ ಹಾಗೆ ಗಡಿಯಲ್ಲಿತ್ತು. ಚೆಕಪ್ ಮಾಡಿಸಿದಾಗ ಕೆಟ್ಟ ಕೊಲೆಸ್ಟ್ರಾಲ್ ಎಲ್‌ಡಿಎಲ್ 68 ಬಂತು. ಸ್ಟೆಂಟ್ ಆದವರಿಗೆ ಅದು ಕೊನೇಪಕ್ಷ 70ಕ್ಕಿಂತ ಕೆಳಗಿರಬೇಕು, ಇತ್ತು. ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು ಟ್ರೈಗ್ಲಿಸರೈಡ್ 240, ಜಾಸ್ತಿ. ಎಚ್‌ಡಿಎಲ್ 32. ಗಂಡಸರಿಗೆ 40, ಹೆಂಗಸರಿಗೆ 50 ದಾಟಿರಬೇಕು ಅನ್ನುವುದು ಲೆಕ್ಕ. ಲ್ಯಾಬಿನವರು ಕಡಿಮೆ ಇದ್ದದ್ದನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತಾರಲ್ಲ, ಭಾವನ ತಲೆಯಲ್ಲಿ ಆ 32 ಕೂತುಬಿಟ್ಟಿತು.

ಅವರು ಬೆಳಿಗ್ಗೆ ವಾಕಿಂಗ್ ಹೋಗುವ ಪಾರ್ಕಿನಲ್ಲಿ ಒಬ್ಬ ವೆಲ್‌ನೆಸ್ ಕೋಚ್ ಇದ್ದರು. ಮಾತು ನಯ, ವಾಟ್ಸಾಪ್ ಗ್ರೂಪ್ ಬೇರೆ. ರಿಪೋರ್ಟ್ ನೋಡಿ, "ಅಣ್ಣಾ, ನಿಮ್ಮ ಡಾಕ್ಟ್ರು ಬರೀ ಕೆಟ್ಟದ್ದನ್ನ ಇಳಿಸ್ತಿದ್ದಾರೆ, ಒಳ್ಳೇದನ್ನ ಏರಿಸೋರು ಯಾರು?" ಅಂದರಂತೆ. ಎಚ್‌ಡಿಎಲ್ ಅಂದರೆ ರಕ್ತನಾಳದ ಕಸ ಎತ್ತುವ ಗಾಡಿ, ಗಾಡಿ ಜಾಸ್ತಿ ಆದಷ್ಟೂ ಬೀದಿ ಚೊಕ್ಕಟ ಅನ್ನುವುದು ಅವರ ಪಾಠ. ಕೇಳಿದರೆ ಯಾರಿಗೂ ಸರಿ ಅನ್ನಿಸುತ್ತೆ. ಹೊರದೇಶದ ನಿಯಾಸಿನ್ ಡಬ್ಬಿ, ಮೀನೆಣ್ಣೆ ಕ್ಯಾಪ್ಸೂಲ್, ಗುಗ್ಗುಲು ಮಾತ್ರೆ ಕೊಟ್ಟರು. ಖಾಲಿ ಹೊಟ್ಟೆಗೆ ಎರಡು ಚಮಚ ಗಾಣದ ಕೊಬ್ಬರಿ ಎಣ್ಣೆ ಕುಡಿಯಬೇಕು. ಸ್ಟಾಟಿನ್ "ಕೆಮಿಕಲ್", ಲಿವರ್ ಹಾಳು ಮಾಡುತ್ತೆ, ಬಿಟ್ಟುಬಿಡಿ. ಲಿವರ್ ಮಾತು ಎತ್ತಿದ್ದು ಅವರೇ, ಇದೊಂದು ನೆನಪಿರಲಿ.

ನಿಯಾಸಿನ್ ಅಂದರೆ ಬಿ3 ವಿಟಮಿನ್. ಕಡಲೆಕಾಯಿ, ಕೋಳಿ, ಮೀನಿನಲ್ಲಿ ಬೇಕಾದಷ್ಟಿದೆ. ದೊಡ್ಡವರಿಗೆ ದಿನಕ್ಕೆ ಸುಮಾರು 15 ಮಿ.ಗ್ರಾಂ. ಸಾಕು. ಭಾವ ನುಂಗಿದ ಒಂದೊಂದು ಮಾತ್ರೆಯಲ್ಲಿ 500 ಮಿ.ಗ್ರಾಂ. ಇತ್ತು. ಅಷ್ಟು ಪ್ರಮಾಣಕ್ಕೆ ಹೋದಮೇಲೆ ಅದು ವಿಟಮಿನ್ ಅಲ್ಲ, ಔಷಧ. ಹಿಂದೆ ಡಾಕ್ಟರುಗಳೇ ಕೊಲೆಸ್ಟ್ರಾಲಿಗೆ ಬರೆಯುತ್ತಿದ್ದ ಔಷಧ, ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಾ.

ಮೊದಲ ಪೆಟ್ಟು ಅಂಗಡಿಯಲ್ಲೇ ಬಿತ್ತು. ಸಂಜೆ ಬಿಸಿ ಕಾಫಿ ಜೊತೆ ಮಾತ್ರೆ ನುಂಗಿ, ಗಿರಾಕಿಗೆ ಮೊಳೆ ತೂಗುತ್ತಿದ್ದರು. ಮೊದಲು ಕಿವಿ ಬಿಸಿಯಾಯಿತಂತೆ. ಆಮೇಲೆ ಮುಖ, ಕುತ್ತಿಗೆ, ಎದೆಯವರೆಗೂ ಕೆಂಪು. ಮೈಯೆಲ್ಲ ಚುರುಚುರು, ತುರಿಕೆ, ಎದೆ ಡವಡವ. ಸ್ಟೆಂಟ್ ಇರುವ ಮನುಷ್ಯ, ಏನು ಅಂದುಕೊಂಡಿರಬೇಡ? ಅಂಗಡಿ ಹುಡುಗ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದ. ಇಸಿಜಿ ಸರಿಯಿತ್ತು. ಅಲ್ಲಿದ್ದ ಡ್ಯೂಟಿ ಡಾಕ್ಟರು ಅಲರ್ಜಿ ಇರಬೇಕು ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು.

ನಿಯಾಸಿನ್ ಜಾಸ್ತಿ ತೆಗೆದುಕೊಂಡರೆ ಹೀಗೇ ಆಗುತ್ತೆ. ಅದು ಚರ್ಮದಲ್ಲಿ ಪ್ರೊಸ್ಟಗ್ಲಾಂಡಿನ್ ಅನ್ನುವ ವಸ್ತು ಬಿಡುಗಡೆ ಮಾಡಿಸುತ್ತೆ, ಸಣ್ಣ ರಕ್ತನಾಳಗಳು ಅಗಲ ಆಗುತ್ತವೆ. ಬಿಸಿ ಕಾಫಿ, ಖಾರ, ಮದ್ಯ ಸೇರಿದರೆ ಇನ್ನೂ ಜೋರು. ಕೋಚ್ ಮಾತ್ರ, "ಮೈಯಲ್ಲಿರೋ ವಿಷ ಹೊರಗೆ ಬರ್ತಿದೆ ಅಣ್ಣಾ, ಒಳ್ಳೇ ಲಕ್ಷಣ" ಅಂದರು! ಬೇಡ ಅಂದರೆ ಉರಿ ಬಾರದ ಮಾಲು ಇದೆ ಅಂತ, ನಿಧಾನವಾಗಿ ಕರಗುವ ನಿಯಾಸಿನ್ ಡಬ್ಬಿ ಕೊಟ್ಟು, ದಿನಕ್ಕೆ ನಾಲ್ಕು ಮಾತ್ರೆ ಹೇಳಿದರು. 2000 ಮಿ.ಗ್ರಾಂ. ಬೇಕಾದ್ದಕ್ಕಿಂತ ನೂರು ಪಟ್ಟಿಗೂ ಹೆಚ್ಚು.

ಎಲ್ಲಕ್ಕಿಂತ ಅಪಾಯ ಇಲ್ಲೇ ಇರುವುದು. ಸಾದಾ ನಿಯಾಸಿನ್ ಉರಿ ಹೊತ್ತಿಸುತ್ತೆ, ಜನ ಹೆದರಿ ಬಿಡುತ್ತಾರೆ. ನಿಧಾನವಾಗಿ ಕರಗುವುದರಲ್ಲಿ ಉರಿ ಕಡಿಮೆ, ಆದರೆ ಲಿವರಿಗೆ ಬೀಳುವ ಏಟು ಜಾಸ್ತಿ. ಮೈ ಉರಿಯದೆ ಇರುವುದರಿಂದ ಪ್ರಮಾಣ ಏರಿಸುತ್ತಾ ಹೋಗುವುದೂ ಸುಲಭ.

ಕೆಲವು ವಾರ ಕಳೆದು ರಕ್ತ ಪರೀಕ್ಷೆ ಮಾಡಿಸಿದರು. ಎಚ್‌ಡಿಎಲ್ 41. ಮನೆಯಲ್ಲಿ ಖುಷಿ. ಕೋಚ್ ಆ ರಿಪೋರ್ಟಿನ ಫೋಟೋ ಗ್ರೂಪಿಗೆ ಹಾಕಿ "28% ಏರಿಕೆ, ಸ್ಟಾಟಿನ್ ಇಲ್ಲದೆ" ಅಂತ ಬರೆದರು. ಮೇಲೆ ಕೆಳಗೆ ಚಪ್ಪಾಳೆ ಎಮೋಜಿ. ಆ ಫೋಟೋ ನಾನೂ ನೋಡಿದೆ. ಎರಡೇ ಸಾಲು ಕಾಣುತ್ತಿತ್ತು, ಟ್ರೈಗ್ಲಿಸರೈಡ್ ಮತ್ತು ಎಚ್‌ಡಿಎಲ್. ಮೇಲಿನ ಒಟ್ಟು ಕೊಲೆಸ್ಟ್ರಾಲ್ ಸಾಲನ್ನೂ ಕೆಳಗಿನ ಎಲ್‌ಡಿಎಲ್ ಸಾಲನ್ನೂ ನೀಟಾಗಿ ಕತ್ತರಿಸಿದ್ದರು. ಅಕ್ಕನಿಂದ ಪೂರ್ತಿ ರಿಪೋರ್ಟ್ ತರಿಸಿಕೊಂಡರೆ ಎಲ್‌ಡಿಎಲ್ 131! ಮೊದಲಿದ್ದದ್ದರ ಹತ್ತಿರ ಹತ್ತಿರ ಎರಡರಷ್ಟು. ಸ್ಟಾಟಿನ್ ಬಿಟ್ಟದ್ದು, ಜೊತೆಗೆ ಕೊಬ್ಬರಿ ಎಣ್ಣೆ.

ಡಾಕ್ಟರ ಹತ್ತಿರ ಹೋಗಿ ಅಂತ ನಾನು ಹೇಳುವ ಹೊತ್ತಿಗೆ ಭಾವನಿಗೆ ಊಟ ಸೇರುವುದು ನಿಂತಿತ್ತು. ಮುದ್ದೆ ಬಸ್ಸಾರು ಅಂದರೆ ಜೀವ ಬಿಡುವವರು ತಟ್ಟೆ ಪಕ್ಕಕ್ಕೆ ತಳ್ಳುತ್ತಿದ್ದರು. ಸುಸ್ತು, ವಾಕರಿಕೆ. ಮೂತ್ರ ಕಡು ಹಳದಿ. ಅದಕ್ಕೂ ಕೋಚ್ ಹತ್ತಿರ ಉತ್ತರ ರೆಡಿ ಇತ್ತು: "ಬಿ ವಿಟಮಿನ್ ಅಲ್ವಾ ಅಣ್ಣಾ, ಹಳದಿ ಆಗೋದು ಸಹಜ." ಬಿ ಕಾಂಪ್ಲೆಕ್ಸ್ ತೆಗೆದುಕೊಂಡರೆ ಮೂತ್ರ ಹಳದಿ ಆಗುವುದು ನಿಜ. ಆದರೆ ಆ ಬಣ್ಣ ಬರುವುದು ಬಿ2ನಿಂದ. ಬಿ3ಕ್ಕೂ ಅದಕ್ಕೂ ಸಂಬಂಧ ಇಲ್ಲ. ಭಾವನದು ಕಾಮಾಲೆ.

ಎಸ್‌ಜಿಪಿಟಿ (ಲಿವರಿಗೆ ಏಟು ಬಿದ್ದರೆ ಏರುವ ಅಂಶ) 40ರ ಒಳಗೆ ಇರಬೇಕಾದದ್ದು ರಕ್ತ ಪರೀಕ್ಷೆಯಲ್ಲಿ 400 ದಾಟಿತ್ತು. ಮೂರು ತಿಂಗಳ ಸಕ್ಕರೆ ಸರಾಸರಿ 6.2 ಇದ್ದದ್ದು 7.1 ಆಗಿತ್ತು. ಯೂರಿಕ್ ಆಸಿಡ್ ಕೂಡ ಮೇಲೆ. ಮೂರೂ ನಿಯಾಸಿನ್ನಿಗೆ ಹೊಸದಲ್ಲ. ಡಾಕ್ಟರ್ ಮೇಡಂ, "ಬೇರೆ ಏನಾದ್ರೂ ಮಾತ್ರೆ ತಗೋತಿದ್ದೀರಾ?" ಅಂತ ಕೇಳಿದರೆ ಭಾವ "ಇಲ್ಲ ಮೇಡಂ" ಅಂದರು. ಸುಳ್ಳು ಹೇಳಿದ್ದಲ್ಲ. ಅವರ ಪ್ರಕಾರ ಅವು ಮಾತ್ರೆಯೇ ಅಲ್ಲ, ನ್ಯಾಚುರಲ್ಲು. ಅಕ್ಕ ಬ್ಯಾಗಿಂದ ಡಬ್ಬಿಗಳನ್ನು ತೆಗೆದು ಟೇಬಲ್ ಮೇಲೆ ಸಾಲಾಗಿ ಇಟ್ಟಳು. ಮೇಡಂ ಒಂದೊಂದನ್ನೇ ತಿರುಗಿಸಿ ಓದಿ, ಎಲ್ಲವನ್ನೂ ತಮ್ಮ ಡ್ರಾಯರಿಗೆ ಹಾಕಿಕೊಂಡರು.

ಅಕ್ಕನಿಗೆ ಆದರೂ ಸಮಾಧಾನ ಇಲ್ಲ. "ಅಲ್ಲ ಮೇಡಂ, ಒಳ್ಳೇದು ಏರಿದೆಯಲ್ಲ? ಅದಾದ್ರೂ ಲಾಭ ಅಲ್ವಾ?"

ಮೇಡಂ ಕೊಟ್ಟ ಉತ್ತರ ಎಲ್ಲರಿಗೂ ಗೊತ್ತಿರಬೇಕಾದದ್ದು. ಮಾತ್ರೆಯಿಂದ ಎಚ್‌ಡಿಎಲ್ ಏರಿಸಿದರೆ ಹಾರ್ಟ್ ಅಟ್ಯಾಕ್ ತಪ್ಪುತ್ತಾ ಅಂತ ದೊಡ್ಡ ದೊಡ್ಡ ಪರೀಕ್ಷೆಗಳೇ ನಡೆದುಹೋಗಿವೆ. ಅಮೆರಿಕದ ಏಮ್-ಹೈ ಪರೀಕ್ಷೆಯಲ್ಲಿ 3,414 ಜನ, ಎಲ್ಲರೂ ಭಾವನ ಥರದವರೇ. ಹೃದಯದ ತೊಂದರೆ ಇದ್ದವರು, ಸ್ಟಾಟಿನ್ ತೆಗೆದುಕೊಳ್ಳುತ್ತಿದ್ದವರು. ಅರ್ಧ ಜನಕ್ಕೆ ನಿಯಾಸಿನ್ ಸೇರಿಸಿದರು. ಎಚ್‌ಡಿಎಲ್ 35ರಿಂದ 42ಕ್ಕೆ ಏರಿತು. ಹಾರ್ಟ್ ಅಟ್ಯಾಕ್ ಕಡಿಮೆ ಆಗಲಿಲ್ಲ. 2011ರಲ್ಲಿ ನಡುವೆಯೇ ನಿಲ್ಲಿಸಿದರು. ಆಮೇಲೆ 25,673 ಜನರ ಮೇಲೆ ಬ್ರಿಟನ್, ಚೀನಾ, ಸ್ಕ್ಯಾಂಡಿನೇವಿಯಾದಲ್ಲಿ ಇನ್ನೊಂದು ನಡೆಯಿತು, 2014ರಲ್ಲಿ ಫಲಿತಾಂಶ ಬಂತು. ಅಲ್ಲೂ ಪ್ರಯೋಜನ ಇಲ್ಲ. ಮೇಲಿಂದ ಹೊಸದಾಗಿ ಸಕ್ಕರೆ ಕಾಯಿಲೆ, ರಕ್ತಸ್ರಾವ, ಸೋಂಕು, ಸ್ನಾಯು ತೊಂದರೆ ಜಾಸ್ತಿಯಾದವು. ಫೈಜರ್ ಕಂಪನಿಯ ಟಾರ್ಸಿಟ್ರಪಿಬ್ ಕಥೆ ಇನ್ನೂ ಘೋರ. ಎಚ್‌ಡಿಎಲ್ ಅನ್ನು 70%ಗೂ ಮೇಲೆ ಏರಿಸಿದ ಮಾತ್ರೆ ಅದು. ತೆಗೆದುಕೊಂಡವರಲ್ಲಿ ಸಾವು ಜಾಸ್ತಿ ಕಂಡು, 2006ರ ಡಿಸೆಂಬರಿನಲ್ಲಿ ಕಂಪನಿಯೇ ಕೈಬಿಟ್ಟಿತು.

"ಕಸದ ಗಾಡಿ ಲೆಕ್ಕ ಕೇಳಿದೀನಿ" ಅಂದರು ಮೇಡಂ. "ಡಿಪೋದಲ್ಲಿ ಎಷ್ಟು ಗಾಡಿ ನಿಂತಿವೆ ಅಂತ ರಿಪೋರ್ಟ್ ಹೇಳತ್ತೆ. ಅವು ಕಸ ಎತ್ತುತ್ತಿವೆಯೋ ಇಲ್ಲವೋ ಹೇಳಲ್ಲ." ಹುಟ್ಟುತ್ತಲೇ ಒಂದು ಜೀನ್‌ನಿಂದ ಎಚ್‌ಡಿಎಲ್ ಜಾಸ್ತಿ ಇರುವವರನ್ನೂ ಸಂಶೋಧಕರು ನೋಡಿದ್ದಾರೆ, 2012ರಲ್ಲಿ ವರದಿ ಬಂತು. ಅವರಿಗೂ ಹಾರ್ಟ್ ಅಟ್ಯಾಕ್ ಕಡಿಮೆ ಏನಿಲ್ಲ.

ಹಾಗಂತ 32 ಅಂದರೆ ಏನೂ ಅಲ್ಲ ಅಂತಲ್ಲ. ನಮ್ಮ ಕಡೆಯವರಲ್ಲಿ ಎಚ್‌ಡಿಎಲ್ ಕಡಿಮೆ, ಟ್ರೈಗ್ಲಿಸರೈಡ್ ಜಾಸ್ತಿ, ಹೊಟ್ಟೆ ಮುಂದೆ, ಸಕ್ಕರೆ ಗಡಿಯಲ್ಲಿ, ಇವು ಒಟ್ಟೊಟ್ಟಿಗೇ ಬರುತ್ತವೆ. ಸರಿ ಮಾಡಬೇಕಾದ್ದು ಆ ಉಳಿದವನ್ನು. ಭಾವ ಅಂಗಡಿ ಹಿಂದೆ ಹೋಗಿ ಸೇದುತ್ತಿದ್ದ ಸಿಗರೇಟಿನ ಬಗ್ಗೆ ಕೋಚ್ ಒಂದು ಮಾತೂ ಕೇಳಿರಲಿಲ್ಲ ನೋಡಿ. ಎಚ್‌ಡಿಎಲ್ ಇಳಿಸುವುದರಲ್ಲಿ ಸಿಗರೇಟಿನದು ದೊಡ್ಡ ಕೈ. ಸಿಗರೇಟು ಬಿಡುವುದನ್ನು ಡಬ್ಬಿಗೆ ಹಾಕಿ ಮಾರೋಕಾಗಲ್ಲವಲ್ಲ, ಬಿಟ್ಟರೆ ಕೋಚ್‌ಗೆ ಏನು ಲಾಭ?

ಉಳಿದ ಸಾಮಾನಿನ ಬಗ್ಗೆ ಎರಡು ಮಾತು. ಬೇರೆ ಅಡುಗೆ ಎಣ್ಣೆ ಬದಲು ಕೊಬ್ಬರಿ ಎಣ್ಣೆ ತಿಂದವರಲ್ಲಿ ಎಚ್‌ಡಿಎಲ್ ಸುಮಾರು 4 ಅಂಕ ಏರಿದರೆ ಎಲ್‌ಡಿಎಲ್ ಸುಮಾರು 10 ಏರುತ್ತೆ ಅಂತ ಹಲವು ಪರೀಕ್ಷೆಗಳನ್ನು ಕೂಡಿಸಿ ನೋಡಿದ್ದಾರೆ. ಪಲ್ಯಕ್ಕೆ ಒಗ್ಗರಣೆ ಹಾಕಿ, ಯಾರು ಬೇಡ ಅಂದರು? ಔಷಧ ಅಂತ ಕುಡಿಯಬೇಡಿ. ಗುಗ್ಗುಲು ನಮ್ಮದೇ ಆಯುರ್ವೇದದ್ದು ಅನ್ನುವ ಅಭಿಮಾನ ನನಗೂ ಇದೆ. ಆದರೆ 2003ರಲ್ಲಿ ಅಮೆರಿಕದಲ್ಲಿ 103 ಜನರ ಮೇಲೆ ಗುಗ್ಗುಲಿನ ಸಾರ ಪರೀಕ್ಷಿಸಿದಾಗ ಎಲ್‌ಡಿಎಲ್ ಇಳಿಯುವ ಬದಲು ಸ್ವಲ್ಪ ಏರಿತು. ಮೀನೆಣ್ಣೆ ಟ್ರೈಗ್ಲಿಸರೈಡ್ ಇಳಿಸುತ್ತೆ, ಎಚ್‌ಡಿಎಲ್‌ಗೆ ಅದರಿಂದ ಹೇಳಿಕೊಳ್ಳುವಂಥದ್ದೇನೂ ಆಗಲ್ಲ.

ಡಬ್ಬಿಗಳು ನಿಂತಮೇಲೆ ಭಾವನ ಲಿವರ್ ಕೆಲವು ವಾರಗಳಲ್ಲಿ ಸರಿಹೋಯಿತು. ಆಮೇಲೆ ಮೇಡಂ ಸ್ಟಾಟಿನ್ ಮತ್ತೆ ಶುರು ಮಾಡಿದರು. ಕಾಫಿಗೆ ಸಕ್ಕರೆ ಬಂದ್. ರಾತ್ರಿ ಅನ್ನ ಅರ್ಧ, ಆ ಜಾಗಕ್ಕೆ ಹುರುಳಿ, ಅವರೆಕಾಳು, ಸೊಪ್ಪು. ಸಂಜೆ ಬೇಕರಿ ಪಫ್ ಬದಲು ಒಂದು ಹಿಡಿ ಕಡಲೆಕಾಯಿ. ಹಾಸನದವರಿಗೆ ಬೇಕರಿ ಬಿಡು ಅನ್ನುವುದು ಎಷ್ಟು ಕಷ್ಟ ಅಂತ ಹಾಸನದವರೇ ಬಲ್ಲರು! ಬೇಕರಿ ತಿಂಡಿಗೆ ಹಾಕುವ ವನಸ್ಪತಿಯ ಟ್ರಾನ್ಸ್ ಕೊಬ್ಬು ಒಳ್ಳೇದನ್ನು ಇಳಿಸಿ ಕೆಟ್ಟದ್ದನ್ನು ಏರಿಸುತ್ತೆ. 2022ರಿಂದ ನಮ್ಮ ದೇಶದಲ್ಲಿ ಅದಕ್ಕೆ 2% ಮಿತಿ ಇದೆ, ಆದರೂ ಮೈದಾ ಮೈದಾನೇ. ಸಿಗರೇಟು ಪೂರ್ತಿ ಬಿಟ್ಟಿಲ್ಲ, ಕಡಿಮೆ ಆಗಿದೆ. ಟ್ರೈಗ್ಲಿಸರೈಡ್ 160ಕ್ಕೆ ಇಳಿದಿದೆ, ಎಲ್‌ಡಿಎಲ್ ಮತ್ತೆ 70ರ ಕೆಳಗೆ. ಎಚ್‌ಡಿಎಲ್ 36. ಮೇಡಂ ಆ ಸಾಲಿನ ಮೇಲೆ ಕಣ್ಣಾಡಿಸಿ ಪುಟ ತಿರುಗಿಸಿದರು, ಅಷ್ಟೇ.

ನೀವು ಈಗಾಗಲೇ ಇಂಥದ್ದೇನಾದರೂ ತೆಗೆದುಕೊಳ್ಳುತ್ತಿದ್ದರೆ ಡಬ್ಬಿ ಸಮೇತ ಡಾಕ್ಟರ ಹತ್ತಿರ ಹೋಗಿ. ಬ್ರ್ಯಾಂಡ್ ಹೆಸರು ಹೇಳಿದರೆ ಸಾಲದು, ಹಿಂದಿನ ಸಣ್ಣಕ್ಷರ ಅವರು ಓದಬೇಕು. ಲಿವರ್, ಸಕ್ಕರೆ, ಯೂರಿಕ್ ಆಸಿಡ್ ಪರೀಕ್ಷೆ ಮಾಡಿಸಬೇಕಾ ಅಂತ ಕೇಳಿ. ಹಸಿವಿಲ್ಲದೆ ವಾಕರಿಕೆ, ಕಣ್ಣು ಹಳದಿ, ಮೂತ್ರ ಕಡು ಬಣ್ಣ ಇದ್ದರೆ ಅವತ್ತೇ ಹೋಗಿ. ಡಬ್ಬಿ ಮೇಲೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಇದೆಯಾ ನೋಡಿ. ಭಾವನ ಡಬ್ಬಿಯಲ್ಲಿ ಇರಲೇ ಇಲ್ಲ. ಇದ್ದರೂ, ಇಲ್ಲಿನ ಸಪ್ಲಿಮೆಂಟ್ ಡಬ್ಬಿ ಮೇಲೆ "ಔಷಧವಾಗಿ ಬಳಸಲು ಅಲ್ಲ" ಅಂತ ಇಂಗ್ಲಿಷಿನಲ್ಲಿ ಕಡ್ಡಾಯವಾಗಿ ಬರೆದಿರುತ್ತಾರೆ. ಔಷಧ ಬಿಟ್ಟು ಇದು ತಗೊಳ್ಳಿ ಅನ್ನುವವರಿಗೆ ಆ ಸಾಲು ತೋರಿಸಿ.

ದುಡ್ಡು ವಾಪಸ್ ಕೇಳಿದ್ದಕ್ಕೆ ಕೋಚ್, ಸೀಲ್ ಒಡೆದಿದೆ, ಆಗಲ್ಲ ಅಂದರು. ಆಹಾರ ಸುರಕ್ಷತಾ ಅಧಿಕಾರಿಗಳ ಕಚೇರಿಗೆ ಅಕ್ಕ ದೂರು ಕೊಟ್ಟಿದ್ದಾಳೆ. ಕೋಚ್ ಬಿಲ್ ಕೊಟ್ಟೇ ಇರಲಿಲ್ಲ. ಪುಣ್ಯಕ್ಕೆ ಭಾವ ಪ್ರತಿಸಲವೂ ಫೋನ್‌ಪೇ ಮಾಡಿದ್ದರು, ಅದರ ಸ್ಕ್ರೀನ್‌ಶಾಟನ್ನೇ ದೂರಿನ ಜೊತೆ ಲಗತ್ತಿಸಿದ್ದಾಳೆ.