ಕ್ಯಾಂಪಸ್ ಕಂಪ್ಯೂಟರ್ ಸಹಾಯ ಕೇಂದ್ರ: ಎಚ್ಚರಿಕೆ ಸ್ಪಷ್ಟ, ಸೇವೆ ನಿಧಾನ

ನಮ್ಮ ವಿಶ್ವವಿದ್ಯಾಲಯದ ಕಂಪ್ಯೂಟರ್ ಸಹಾಯ ಕೇಂದ್ರ ಕಳುಹಿಸುವ ಭದ್ರತಾ ಸೂಚನೆಗಳು ಈಚೆಗೆ ಓದುವಂತಾಗಿವೆ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಬೆಂಬಲವನ್ನು ಕೊನೆಗೊಳಿಸುವ ಮೊದಲೇ, ಯಾವ ಪ್ರಯೋಗಾಲಯದ ಯಂತ್ರಗಳು ವಿಂಡೋಸ್ 11ಕ್ಕೆ ಒಗ್ಗುತ್ತವೆ, ಅದಕ್ಕೆ ಬೇಕಾದ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದವುಗಳನ್ನು ಏನು ಮಾಡಬೇಕು ಎಂಬುದನ್ನು ವಿಭಾಗವಾರು ತಿಳಿಸಿದ್ದು ಮೆಚ್ಚತಕ್ಕ ಕೆಲಸ. ‘ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, ಕೂಡಲೇ ಲಾಗಿನ್ ಆಗಿ’ ಎಂಬ ನಕಲಿ ಮೇಲ್‌ನ ಚಿತ್ರವನ್ನೇ ಹಾಕಿ, ಕಳುಹಿಸಿದವರ ವಿಳಾಸದಲ್ಲಿ ಒಂದೇ ಅಕ್ಷರ ಬದಲಾಗಿರುವುದನ್ನು ಕೆಂಪು ಗೆರೆಯೆಳೆದು ತೋರಿಸಿದ ಸೂಚನೆಯಂತೂ ಉದ್ದುದ್ದ ಸುತ್ತೋಲೆಗಳಿಗಿಂತ ಎಷ್ಟೋ ಮೇಲು. ಆದರೆ ಇದೇ ಕೇಂದ್ರ ಪಾಸ್‌ವರ್ಡ್ ಬದಲಿಸಲು ಹೇಳುವಾಗ, ಎಲ್ಲಿಗೆ ಒಯ್ಯುತ್ತದೆಂದು ತಿಳಿಯದ ಕಿರು ಲಿಂಕ್ ಕಳುಹಿಸುತ್ತದೆ. ಅಸಲಿಯೇ ನಕಲಿಯಂತೆ ಕಂಡರೆ ವಿದ್ಯಾರ್ಥಿಗಳು ಯಾವುದನ್ನು ನಂಬಬೇಕು? ದೂರು ಕೊಟ್ಟ ತಕ್ಷಣ ಟಿಕೆಟ್ ಸಂಖ್ಯೆ ಬರುತ್ತದೆ, ಮನುಷ್ಯರ ಉತ್ತರಕ್ಕೆ ಮಾತ್ರ ಕಾಯಬೇಕು. ಪರೀಕ್ಷಾ ಅರ್ಜಿ ತುಂಬುವ ದಿನಗಳಲ್ಲಾದರೂ ಸರ್ವರ್ ಅಪ್‌ಡೇಟನ್ನು ರಾತ್ರಿ ಹೊತ್ತಿಗೆ ಇಟ್ಟುಕೊಳ್ಳಬಹುದಿತ್ತು.